ಸರ್ಕಾರ ಸರ್ಕಾರಕ್ಕೇ ಕಟ್ಟುವ ಬಾಡಿಗೆ

ನಮ್ಮ ಆಫೀಸಲ್ಲಿ ಹೋದ ವರ್ಷ ಒಂದು ಮಹಡಿ ಬಿಟ್ಟುಕೊಟ್ಟರು. ಈಗ ಕೂರೋ ಜಾಗಕ್ಕೂ ಹಿಂದಿನ ರಾತ್ರಿಯೇ ಆ್ಯಪಿನಲ್ಲಿ ಸೀಟು ಬುಕ್ ಮಾಡಬೇಕು, ಥೇಟ್ ಊರಿಗೆ ಹೋಗೋ ಬಸ್ಸಿನ ಹಾಗೆ. ಇದೆಲ್ಲ ಈಚಿನ ಬುದ್ಧಿ ಅಂದುಕೊಂಡಿದ್ದೆ. ಅಮೆರಿಕದ ಶಿಕ್ಷಣ ಇಲಾಖೆಯ ಕತೆ ಓದಿದ ಮೇಲೆ ಹಾಗನ್ನಿಸುತ್ತಿಲ್ಲ.

ಆ ಇಲಾಖೆ ಮೊದಲು ಹುಟ್ಟಿದ್ದು 1867ರಲ್ಲಿ. ಕಾನೂನಿನಲ್ಲಿ ಇದ್ದದ್ದೇ ನಾಲ್ಕು ಕಲಂ. ದೇಶದ ಶಾಲೆಗಳ ಅಂಕಿಅಂಶ ಕಲೆಹಾಕಿ ಹಂಚುವುದು ಕೆಲಸ; ಅದಕ್ಕೆ ಒಬ್ಬ ಕಮಿಷನರ್, ಮೂವರು ಗುಮಾಸ್ತರು. ಕೊನೆಯ ಕಲಂ ಪೂರ್ತಿ ಜಾಗದ್ದು: ಸರ್ಕಾರಿ ಕಟ್ಟಡಗಳ ಉಸ್ತುವಾರಿ ಅಧಿಕಾರಿ ಇವರಿಗೆ ತಕ್ಕ ಕೊಠಡಿ ಒದಗಿಸತಕ್ಕದ್ದು.

ಕಾನೂನೇನೋ ಹೇಳಿತು. ಆದರೆ ವಾಷಿಂಗ್ಟನ್ನಿಗೆ ಶಾಲೆಗಳ ಉಸಾಬರಿ ಯಾಕೆ ಅನ್ನುವವರು ಬಹಳ ಮಂದಿ. ಎರಡೇ ವರ್ಷದಲ್ಲಿ ಇಲಾಖೆ ಇನ್ನೊಂದು ಖಾತೆಯ ಕೆಳಗಿನ ಸಣ್ಣ ಕಚೇರಿಯಾಯಿತು. ಕಮಿಷನರ್ ಹೆನ್ರಿ ಬರ್ನಾರ್ಡ್ ಸಂಬಳ 4,000 ಡಾಲರಿನಿಂದ 3,000ಕ್ಕೆ ಇಳಿಯಿತು. 1870ರಲ್ಲಿ ಅವರ ಜಾಗಕ್ಕೆ ಬಂದ ಜಾನ್ ಈಟನ್ ಕಂಡದ್ದು ಇಬ್ಬರೇ ಗುಮಾಸ್ತರು. ಕೋಣೆಗಳಲ್ಲಿ ಪುಸ್ತಕ, ಕರಪತ್ರ, ಮೇಜು ಎಷ್ಟು ತುಂಬಿದ್ದವೆಂದರೆ ಬರೆಯೋ ಕೆಲಸ ಮಾಡೋಕೇ ಆಗದಷ್ಟು ಇಕ್ಕಟ್ಟು ಅಂತ ಅವರೇ ವರದಿಯಲ್ಲಿ ದೂರಿಕೊಂಡರು.

ಮುಂದೆ ಬಹುಕಾಲ ಅಲ್ಲಿನ ಸರ್ಕಾರಿ ಕಚೇರಿಗಳಿಗೆ ಜಾಗದ ಖರ್ಚು ತಮ್ಮ ಬಜೆಟ್ಟಿನಲ್ಲಿ ಕಾಣುತ್ತಲೇ ಇರಲಿಲ್ಲ. ಖಾಲಿ ಕೋಣೆ ಹಿಂದಿರುಗಿಸಿದರೂ ಇವರಿಗೆ ಒಂದು ಡಾಲರೂ ಉಳಿಯದು, ಮತ್ಯಾಕೆ ಬಿಡಬೇಕು? 1972ರ ಕಾನೂನು ಇದನ್ನು ಬದಲಿಸಿತು. ಸರ್ಕಾರದ್ದೇ ಕಟ್ಟಡವಾದರೂ ಪೇಟೆ ದರಕ್ಕೆ ಹೊಂದುವ ಬಾಡಿಗೆಯನ್ನು ಜಿಎಸ್‌ಎ ಎಂಬ ಸರ್ಕಾರಿ ಆಸ್ತಿ ಸಂಸ್ಥೆಗೆ ಕಟ್ಟಬೇಕು. ಆ ದುಡ್ಡು ಕಟ್ಟಡಗಳ ನಿಧಿಗೆ ಸೇರಿ ರಿಪೇರಿಗೆ, ಹೊಸ ಕಟ್ಟಡಕ್ಕೆ ಹೋಗುತ್ತದೆ. ಎಡಗೈಯಿಂದ ಬಲಗೈಗೆ ಅಂತ ನಗಬಹುದು. ನನಗೆ ಮಾತ್ರ ಇದು ಜಾಣತನ ಅನಿಸಿತು: ಚದರಡಿಗೊಂದು ಬೆಲೆ ಬಂತು. 2015ರಲ್ಲಂತೂ ಪ್ರತಿ ಇಲಾಖೆಯೂ ಆಫೀಸು ಜಾಗ ಕುಗ್ಗಿಸುವ ಐದು ವರ್ಷದ ಯೋಜನೆ ಕೊಡಬೇಕೆಂಬ ಆದೇಶವೇ ಹೊರಟಿತು.

1980ರಲ್ಲಿ ಮತ್ತೆ ಪೂರ್ಣ ಇಲಾಖೆಯಾಗಿ ಶುರುವಾದ ಈ ಸಂಸ್ಥೆ ಹಾಗೆ ಅಳತೆ ಹಾಕಿಕೊಂಡು ಬಾಳಿತು. ಅದರ ಮುಖ್ಯ ಕಚೇರಿಯಿದ್ದ ಕಟ್ಟಡದಲ್ಲಿ ಒಂದು ಕಾಲಕ್ಕೆ ನಾಸಾ ಇತ್ತು. 2007ರಲ್ಲಿ ಅದಕ್ಕೆ ಲಿಂಡನ್ ಜಾನ್ಸನ್ ಹೆಸರಿಟ್ಟರು, ಅಧ್ಯಕ್ಷರಾಗೋ ಮೊದಲು ಮೇಷ್ಟ್ರಾಗಿದ್ದವರು.

ಆದರೆ ಜಾಗ ಉಳಿಸುವುದು ಬೇರೆ, ಜನರನ್ನೇ ತೆಗೆಯುವುದು ಬೇರೆ. 2025ರ ಮಾರ್ಚಿನಲ್ಲಿ ಇಲಾಖೆ ತನ್ನ 4,133 ಸಿಬ್ಬಂದಿಯನ್ನು ಸುಮಾರು 2,183ಕ್ಕೆ ಇಳಿಸುವುದಾಗಿ ಘೋಷಿಸಿತು. 1867ರಲ್ಲಿ ಯಾವ ಕೆಲಸಕ್ಕೆಂದು ಇಲಾಖೆ ಕಟ್ಟಿದರೋ ಆ ಅಂಕಿಅಂಶದ ವಿಭಾಗದಲ್ಲಿ ಸುಮಾರು ನೂರು ಮಂದಿ ಇದ್ದರು. ಉಳಿದದ್ದು ಬೆರಳೆಣಿಕೆ. ಈಟನ್ ಅವರ ಇಬ್ಬರು ಗುಮಾಸ್ತರಿಗೆ ಮೇಜಿನ ನಡುವೆ ನುಸುಳಲೂ ದಾರಿಯಿರಲಿಲ್ಲ. ಇವರಿಗೆ ಸೀಟು ಬುಕ್ ಮಾಡುವ ಪ್ರಮೇಯವೇ ಇಲ್ಲ.