1832ರ ಮುಂಬಯಿ ನಾಯಿಗಲಭೆ: ಜೀವದಯೆಯ ವಾದಕ್ಕೆ ಒಂದು ಪೂರ್ವಪೀಠಿಕೆ

ಬೀದಿನಾಯಿಗಳನ್ನು ಏನು ಮಾಡತಕ್ಕುದೆಂಬ ಪ್ರಶ್ನೆ 2025ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಅದನ್ನು ಇತ್ತೀಚಿನ ನಗರಜೀವನದ ಸಮಸ್ಯೆಯೆಂದು ತಿಳಿಯುವುದು ಸಹಜವಾಗಿದ್ದಿತು. ಆದರೆ ಇದೇ ಪ್ರಶ್ನೆ 1832ರಷ್ಟು ಹಿಂದೆಯೇ ಮುಂಬಯಿ ಕೋಟೆಯಲ್ಲಿ ಗಲಭೆಯನ್ನೆಬ್ಬಿಸಿ, ಸೈನ್ಯವನ್ನು ಬೀದಿಗೆ ತಂದಿತ್ತು. ಆ ಪ್ರಸಂಗವನ್ನೂ ಅದರ ಪರಿಣಾಮಗಳನ್ನೂ ಪರಿಶೀಲಿಸಿದರೆ, ಪ್ರಾಣಿದಯೆಯ ವಾದ ಭಾರತದ ನಗರಗಳಲ್ಲಿ ಹಿಡಿದು ಬಂದ ದಾರಿ ವಿಶದವಾಗುತ್ತದೆ.

ಅಲೆಮಾರಿ ನಾಯಿಗಳನ್ನು ವರ್ಷದ ಗೊತ್ತಾದ ಅವಧಿಗಳಲ್ಲಿ ಕೊಲ್ಲಿಸುವ ನಿಬಂಧನೆ ಮುಂಬಯಿಯ ಕುಂಪಣಿ ಸರ್ಕಾರದಲ್ಲಿ 1813ರಿಂದಲೂ ಇದ್ದಿತು. ಬೇಸಗೆಯ ಅವಧಿಯನ್ನು 1832ರಲ್ಲಿ ಇನ್ನಷ್ಟು ವಿಸ್ತರಿಸಲಾಯಿತು. ಕೊಂದ ನಾಯಿಯೊಂದಕ್ಕೆ ಎಂಟಾಣೆ ಇನಾಮು. ಇನಾಮಿನ ಆಸೆಗೆ ಮನೆಯ ಸಾಕುನಾಯಿಗಳ ಮೇಲೂ ಕೈಮಾಡುತ್ತಿದ್ದಾರೆಂಬ ದೂರು ಎದ್ದಿತು. ಜೂನ್ 6ರಂದು ಪಾರಸಿಗಳ ವಸತಿಯ ಬಳಿ ನಾಯಿ ಹಿಡಿಯುತ್ತಿದ್ದ ಐರೋಪ್ಯ ಪೊಲೀಸರ ಮೇಲೆ ಜನ ಬಿದ್ದರು. ಮರುದಿನ ಅಂಗಡಿಗಳು ಮುಚ್ಚಿದುವು, ಕೊಲಾಬಾದ ದಂಡಿಗೆ ಹೋಗಬೇಕಾದ ಆಹಾರಸಾಮಗ್ರಿ ದಾರಿಯಲ್ಲಿಯೇ ನಿಂತಿತು, ಸೈನ್ಯ ಬಂದಿತು, ಹಲವರ ಬಂಧನವಾಯಿತು.

ಈ ಪ್ರತಿಭಟನೆಯಲ್ಲಿ ಕೂಡಿದವರೆಲ್ಲರ ನೆಲೆ ಒಂದೇ ಆಗಿರಲಿಲ್ಲವೆಂಬುದು ಗಮನಾರ್ಹ. ಪಾರಸಿಗಳಿಗೆ ನಾಯಿ ಪವಿತ್ರಪ್ರಾಣಿ. ಅವರ ಉತ್ತರಕ್ರಿಯೆಯ ‘ಸಗ್‌ದೀದ್’ ವಿಧಿಯಲ್ಲಿ ಮೃತದೇಹದ ಮೇಲೆ ನಾಯಿಯ ದೃಷ್ಟಿ ಬೀಳಬೇಕು. ಅವರೊಡನೆ ಅಂಗಡಿ ಮುಚ್ಚಿದ ಹಿಂದೂ ಮತ್ತು ಜೈನ ವರ್ತಕರದು ಅಹಿಂಸೆಯ ನೆಲೆ. ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಸಂಕಲ್ಪಹಿಂಸೆಯೇ ಭವಭವಗಳ ದುಃಖಕ್ಕೆ ಕಾರಣವಾದುದನ್ನು ಜನ್ನನ ‘ಯಶೋಧರ ಚರಿತೆ’ಯಲ್ಲಿ ಕಂಡ ಕನ್ನಡಿಗರಿಗೆ ಇದು ಅಪರಿಚಿತವಲ್ಲ. ಸರ್ಕಾರದ ಪಕ್ಷದಲ್ಲಿಯೂ ಹುರುಳಿರಲಿಲ್ಲವೆನ್ನುವಂತಿಲ್ಲ. ಹುಚ್ಚುನಾಯಿಯ ಕಡಿತಕ್ಕೆ ಪಾಶ್ಚರನ ಲಸಿಕೆ ಮೊದಲು ಪ್ರಯೋಗವಾದುದು 1885ರಲ್ಲಿ. ಅಲ್ಲಿಯವರೆಗೆ ಕಚ್ಚಿಸಿಕೊಂಡವನಿಗೆ ನಂಬತಕ್ಕ ಚಿಕಿತ್ಸೆಯೇ ಇರಲಿಲ್ಲ.

ಕಡೆಗೆ ಪಾರಸಿ ಮುಖಂಡರು ಮನವಿಯ ಮಾರ್ಗವನ್ನು ಹಿಡಿದರು. ನಾಯಿಗಳನ್ನು ಕೊಲ್ಲದೆ ಊರ ಹೊರಗೆ ಸಾಗಿಸುವುದೆಂದು ರಾಜಿಯಾಯಿತು. ಎರಡು ವರ್ಷಗಳ ತರುವಾಯ, 1834ರಲ್ಲಿ, ಜಮ್‌ಶೇಟ್‌ಜಿ ಜೀಜೀಭಾಯ್ ಮೊದಲಾದ ಶೇಠರು ಭೂಲೇಶ್ವರದಲ್ಲಿ ಪಿಂಜರಾಪೋಳವನ್ನು ಸ್ಥಾಪಿಸಿದರು. ಗುಜರಾತದ ವ್ಯಾಪಾರೀ ನಗರಗಳಲ್ಲಿ ಮೊದಲೇ ಇದ್ದ ಪದ್ಧತಿಯಿದು. ಇದರ ಆರ್ಥಿಕ ವ್ಯವಸ್ಥೆ ವಿಶೇಷವಾಗಿ ವಿಚಾರಾರ್ಹವಾದುದು: ವರ್ತಕರು ತಾವು ಕೊಂಡುಮಾರುವ ಸರಕಿನ ಮೇಲೆ ತಾವೇ ಒಂದು ಲಾಗವನ್ನು ವಿಧಿಸಿಕೊಂಡು ಅದನ್ನು ಸಂಸ್ಥೆಗೆ ಸಲ್ಲಿಸುತ್ತಿದ್ದರು. ದಯೆಗೆ ಇದರಿಂದ ಒಂದು ಖಾಯಂ ಆದಾಯ ಒದಗಿತು.

ಆಂಗ್ಲರು ತಂದ ಪದ್ಧತಿ ಬೇರೆ ಬಗೆಯದು. ಲಂಡನ್ನಿನಲ್ಲಿ 1824ರಲ್ಲಿ ಹುಟ್ಟಿದ ಪ್ರಾಣಿಹಿಂಸಾನಿವಾರಣ ಸಂಘದ ಮಾದರಿಯಲ್ಲಿ ಮುಂಬಯಿಯಲ್ಲಿಯೂ 1874ರಲ್ಲಿ ಒಂದು ಸಂಘ ಏರ್ಪಟ್ಟಿತು. 1890ರಲ್ಲಿ ಪ್ರಾಣಿಹಿಂಸೆಯನ್ನು ಕುರಿತ ಕೇಂದ್ರ ಕಾಯಿದೆ ಬಂದಿತು. ಪಿಂಜರಾಪೋಳದ ದೃಷ್ಟಿ ಆಶ್ರಯದ ಕಡೆಗೆ. ಕಾಯಿದೆಯ ದೃಷ್ಟಿ ದಂಡನೆಯ ಕಡೆಗೆ. ಹುಣ್ಣಾದ ಎತ್ತನ್ನು ಹೂಡಿದ ಗಾಡಿಯವನು ಸುಲಭವಾಗಿ ಸಿಕ್ಕಿಬೀಳುತ್ತಿದ್ದನು. ಹೊರೆಯನ್ನು ಹೇರಿಸಿದ ಸಾಹುಕಾರನ ವರೆಗೆ ಕಾಯಿದೆಯ ಕೈ ನೀಡುವುದು ಕಷ್ಟವಾಗಿದ್ದಿತು.

ಸ್ವಾತಂತ್ರ್ಯಾನಂತರ ರಾಜ್ಯಸಭೆಯ ನಾಮಕರಣ ಸದಸ್ಯೆ ರುಕ್ಮಿಣೀದೇವಿ ಅರುಂಡೇಲರು ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಸರ್ಕಾರ ತಾನೇ ಮಸೂದೆ ತರುವುದಾಗಿ ಭರವಸೆಯಿತ್ತುದರಿಂದ ಅದನ್ನು ಹಿಂತೆಗೆದುಕೊಂಡರು. ಅದರ ಫಲವೇ 1960ರ ಕಾಯಿದೆ. ಪ್ರಾಣಿಯನ್ನು ಇಟ್ಟುಕೊಂಡವನ ಕರ್ತವ್ಯವನ್ನು ಈ ಕಾಯಿದೆಯ 3ನೆಯ ಪ್ರಕರಣ ಹೇಳಿತು. ಆದರೆ ಅಲೆಮಾರಿ ನಾಯಿಗಳನ್ನು ನಿಯಮಾನುಸಾರ ಕೊಲ್ಲುವುದು ಕ್ರೌರ್ಯವಲ್ಲವೆಂದು 11ನೆಯ ಪ್ರಕರಣ ವಿನಾಯಿತಿಯಿತ್ತಿತು. ಒಡೆಯನಿಲ್ಲದ ಪ್ರಾಣಿಗೆ ಕರ್ತವ್ಯಬದ್ಧನಾದ ಮನುಷ್ಯನೂ ಇರಲಿಲ್ಲ. ಕ್ಷೇಮವಾದಕ್ಕೂ ಹಕ್ಕಿನ ವಾದಕ್ಕೂ ಇರುವ ಅಂತರ ಈ ಎಡೆಯಲ್ಲಿಯೇ ಕಾಣುತ್ತದೆ: ಮೊದಲನೆಯದು ಮನುಷ್ಯನ ಧರ್ಮವನ್ನು ಕೇಳುತ್ತದೆ, ಎರಡನೆಯದು ಪ್ರಾಣಿಯ ಪಾಲನ್ನು ಕೇಳುತ್ತದೆ. ಜಲ್ಲಿಕಟ್ಟನ್ನು ನಿಷೇಧಿಸಿದ 2014ರ ತೀರ್ಪು ಹಕ್ಕಿನ ಭಾಷೆಯನ್ನು ಸಂವಿಧಾನದ 21ನೆಯ ಅನುಚ್ಛೇದದವರೆಗೆ ಒಯ್ದಿತು. ತಮಿಳುನಾಡು, ಮಹಾರಾಷ್ಟ್ರಗಳ ತಿದ್ದುಪಡಿಗಳೊಡನೆ ಕರ್ನಾಟಕದ ಕಂಬಳದ ತಿದ್ದುಪಡಿಯನ್ನೂ ಎತ್ತಿಹಿಡಿದ 2023ರ ಸಂವಿಧಾನ ಪೀಠವು, ಪ್ರಾಣಿಗಳಿಗೆ ಮೂಲಭೂತ ಹಕ್ಕುಂಟೆನ್ನಲು ಪೂರ್ವನಿದರ್ಶನವಿಲ್ಲವೆಂದಿತು.

ನಾಯಿಗಳ ವಿಷಯದಲ್ಲಿ 2001ರ ನಿಯಮಗಳು ಕೊಲ್ಲುವ ಬದಲು ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಎಡೆಯಲ್ಲಿಯೇ ಬಿಡುವ ಕ್ರಮವನ್ನು ತಂದುವು. 2023ರ ನಿಯಮಗಳು ಅದನ್ನೇ ಮುಂದುವರಿಸಿದುವು. ದೆಹಲಿ ಮತ್ತು ಸುತ್ತಣ ನಗರಗಳ ಬೀದಿನಾಯಿಗಳನ್ನು ಆಶ್ರಯತಾಣಗಳಿಗೆ ಸಾಗಿಸಬೇಕೆಂದು 2025ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ಆಜ್ಞಾಪಿಸಿತು. ಹುಚ್ಚು ಹಿಡಿದವನ್ನೂ ಮೇಲೆರಗುವ ಸ್ವಭಾವದವನ್ನೂ ಉಳಿದು ಮಿಕ್ಕವನ್ನು ಲಸಿಕೆಯ ಬಳಿಕ ಮರಳಿ ಬಿಡಬಹುದೆಂದು ಆಗಸ್ಟ್ 22ರಂದು ಆ ಆಜ್ಞೆ ಮಾರ್ಪಟ್ಟಿತು.

ಊರ ಹೊರಗೆ ಸಾಗಿಸುವ 1832ರ ರಾಜಿಯೇ ಆಶ್ರಯತಾಣದ ಹೆಸರಿನಲ್ಲಿ ಮತ್ತೆ ಬಂದಿತೆನ್ನಬಹುದು. ಕಚ್ಚಿಸಿಕೊಂಡ ಮಗುವಿನ ತಾಯಿಯ ಭೀತಿ, ನಾಯಿಗೆ ಅನ್ನವಿಕ್ಕುವವರ ಮರುಕ, ಎರಡೂ ನಿಜವಾದುವೇ. ಇವೆರಡರ ನಡುವಣ ವಾದವನ್ನು ತೀರ್ಪುಗಳು ತಡೆದು ನಿಲ್ಲಿಸಬಲ್ಲವು; ಶಸ್ತ್ರಚಿಕಿತ್ಸೆ, ಲಸಿಕೆ, ಆಹಾರ, ಸ್ಥಳ ಇವುಗಳ ವೆಚ್ಚವನ್ನು ಒದಗಿಸಲಾರವು. ಕೊಲ್ಲುವುದಕ್ಕೆ ಅಂದಿನ ಸರ್ಕಾರ ತಲೆಗೆ ಎಂಟಾಣೆ ಕೊಟ್ಟಿತು. ಸಾಕುವುದಕ್ಕೆ ಅಂದಿನ ಪೇಟೆ ಸರಕಿನ ಮೇಲೆ ಲಾಗ ಕೊಟ್ಟಿತು. ಗಲಭೆ ಎರಡು ದಿನಗಳಲ್ಲಿ ಅಡಗಿತು. ಲಾಗದ ಬಲದಿಂದ ನಿಂತ ಪಿಂಜರಾಪೋಳ ಇಂದಿಗೂ ಭೂಲೇಶ್ವರದಲ್ಲಿದೆ.