ಮೂರು ಗ್ರೇನಿನ ಲೆಕ್ಕ: ಕಾರಿನ ಗಾಜಿನ ನೀರುಕಲೆಗೆ ಒಂದು ಹಳೆಯ ಸಾಕ್ಷ್ಯ

ಕಾರಿನ ಗಾಜಿನ ಮೇಲೂ ಬಣ್ಣದ ಮೇಲೂ ಒಣಗಿದ ನೀರು ಬಿಟ್ಟುಹೋಗುವ ಕಲೆಯ ಬಗ್ಗೆ ಬರೆದವರಲ್ಲಿ ಬಹುಪಾಲು ಜನ ಒಂದು ಮಾತನ್ನು ಪರೀಕ್ಷೆಗೆ ಒಡ್ಡದೆಯೇ ಒಪ್ಪಿಕೊಂಡುಬಿಟ್ಟಿದ್ದಾರೆ. ನೀರಿನಲ್ಲಿ ಸುಣ್ಣ, ಉಪ್ಪು ಕರಗಿರುತ್ತವೆ, ನೀರು ಆರುತ್ತದೆ, ಅವು ಉಳಿಯುತ್ತವೆ, ಉಳಿದದ್ದೇ ಕಲೆ. ವಿನೆಗರ್ ಆಗಲಿ ನಿಂಬೆರಸವಾಗಲಿ ಹಚ್ಚಿದರೆ ಹೋಗುತ್ತದೆ. ಹೋಗದಿದ್ದರೆ ಕಲೆ ಹಳತಾಗಿದೆ, ಇನ್ನೂ ಹುಳಿ ಬೇಕು, ಇನ್ನೂ ಉಜ್ಜಬೇಕು. ಈ ತಿಳಿವಳಿಕೆಯ ಪ್ರಕಾರ ಕೊಡುವುದೆಲ್ಲ ನೀರು, ಹೊರುವುದಷ್ಟೇ ಗಾಜು. ಇದು ಅರ್ಧ ಸತ್ಯವೆಂಬುದು ನನ್ನ ವಾದ. ಉಳಿದರ್ಧವನ್ನು ಕಾರು ಹುಟ್ಟುವ ನೂರು ವರ್ಷ ಮೊದಲೇ ಇಬ್ಬರು ಕಂಡಿದ್ದರು. ಅವರಲ್ಲಿ ಪ್ಯಾರಿಸ್ಸಿನ ಲವಾಸಿಯೆಯ ತಕ್ಕಡಿಯನ್ನು ರಸಾಯನ ವಿಜ್ಞಾನದ ಚರಿತ್ರೆಗಳು ಕೊಂಡಾಡಿವೆ. ಸ್ವೀಡನ್ನಿನ ಔಷಧಿ ಅಂಗಡಿಯವನಾದ ಶೀಲೆಯ ಪ್ರಯೋಗವನ್ನು ಒಂದು ಸಾಲಿನಲ್ಲಿ ಮುಗಿಸಿವೆ. ಗಾಜಿನ ಕಲೆಯ ಮಟ್ಟಿಗೆ ಈ ಎರಡನೆಯವನೇ ಮುಖ್ಯ.

ನೀರು ಮಣ್ಣಾಗಿ ಮಾರ್ಪಡಬಲ್ಲದೇ ಎಂಬ ಹಳೆಯ ವಿವಾದ, ಫಾನ್ ಹೆಲ್ಮಾಂಟನ ವಿಲೋ ಗಿಡದ ಪ್ರಯೋಗ, ಗಾಜಿನ ಪಾತ್ರೆಯಲ್ಲಿ ನೀರನ್ನು ಮತ್ತೆ ಮತ್ತೆ ಬಟ್ಟಿ ಇಳಿಸಿದಾಗ ಬಿಳಿಯ ಪುಡಿ ಕಂಡಿತೆಂಬ ಬಾಯ್ಲನ ಕಾಲದ ವರದಿಗಳು ಓದುಗರಿಗೆ ಗೊತ್ತಿರುವಂಥವೇ. ನನಗೆ ಬೇಕಾಗಿರುವುದು ಲವಾಸಿಯೆ 1770ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಓದಿದ ಪ್ರಬಂಧದ ಅಂಕಿಗಳು ಮಾತ್ರ. ಆತ ಮಳೆನೀರನ್ನು ಎಂಟು ಬಾರಿ ಬಟ್ಟಿ ಇಳಿಸಿ, ಪೆಲಿಕನ್ ಎಂಬ ಗಾಜಿನ ಪಾತ್ರೆಗೆ ತುಂಬಿ, ಬಾಯಿ ಮುಚ್ಚಿ, 101 ದಿನ ಬಿಸಿಯಲ್ಲಿಟ್ಟ. (ಜಿಪ್ಸಮ್ಮಿನ ಮೇಲೆ ತನ್ನ ಮೊದಲ ಪ್ರಬಂಧ ಬರೆದವನಿಗೆ, ಮಾಮೂಲಿ ನೀರು ತನ್ನೊಳಗಿನದನ್ನೇ ಕೆಳಗಿಳಿಸುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು, ಎಂಟು ಬಾರಿಯ ಬಟ್ಟಿ ಅದಕ್ಕಾಗಿಯೇ.) ಕೊನೆಗೆ ತೂಗಿದಾಗ ಮುಚ್ಚಿದ ಪಾತ್ರೆಯ ಒಟ್ಟು ತೂಕ ಬದಲಾಗಿರಲಿಲ್ಲ, ಅಂದರೆ ಬೆಂಕಿಯಿಂದ ಏನೂ ಒಳನುಗ್ಗಿಲ್ಲ. ಬರಿಯ ಪಾತ್ರೆ 17.4 ಗ್ರೇನು (ಆಗಿನ ತೂಕದ ಒಂದು ಸಣ್ಣ ಮಾನ) ಕಳೆದುಕೊಂಡಿತ್ತು. ನೀರಿನಲ್ಲಿ ತೇಲುತ್ತಿದ್ದ ಮಣ್ಣು 4.9 ಗ್ರೇನು, ನೀರನ್ನು ಆರಿಸಿದಾಗ ಉಳಿದದ್ದು 15.5 ಗ್ರೇನು. ಮಣ್ಣು ನೀರಿನಿಂದ ಹುಟ್ಟಿದ್ದಲ್ಲ, ಗಾಜಿನಿಂದ ಬಂದದ್ದು ಎಂದು ಆತ ತೀರ್ಮಾನಿಸಿದ. ತೀರ್ಮಾನ ಸರಿ. ಆದರೆ 4.9 ಮತ್ತು 15.5 ಕೂಡಿದರೆ 20.4. ಗಾಜು ಕಳೆದುಕೊಂಡದ್ದಕ್ಕಿಂತ ನೀರಿನಲ್ಲಿ ಸಿಕ್ಕಿದ್ದು ಮೂರು ಗ್ರೇನು ಹೆಚ್ಚು.

ಈ ಮೂರು ಗ್ರೇನನ್ನು ಚರಿತ್ರಕಾರರು ಸಲೀಸಾಗಿ ದಾಟಿಬಿಡುತ್ತಾರೆ. ನೀರನ್ನು ಆರಿಸಲು ಬಳಸಿದ ಇತರ ಗಾಜಿನ ಪಾತ್ರೆಗಳೂ ಒಂದಷ್ಟು ಕರಗಿರಬೇಕು ಎಂದು ಲವಾಸಿಯೆಯೇ ಹೇಳಿದ್ದಾನೆ. ಅದನ್ನೇ ಅವರೂ ಹೇಳುತ್ತಾರೆ. ಅವನ ಮಾತು ಅಸಾಧ್ಯವಲ್ಲ, ಆದರೆ ಲೆಕ್ಕಕ್ಕೆ ಸುಲಭವಾಗಿ ಕೂರುವುದಿಲ್ಲ. 101 ದಿನಕ್ಕೆ 17.4 ಗ್ರೇನು ಎಂದರೆ ದಿನಕ್ಕೆ 0.17 ಗ್ರೇನು, ಅದೇ ವೇಗದಲ್ಲಿ ಮೂರು ಗ್ರೇನು ಕರಗಲು ಹದಿನೇಳು ದಿನಗಳಾದರೂ ಬೇಕು. ಹೊಸ ಪಾತ್ರೆ ಮೊದಮೊದಲು ಬೇಗ ಕರಗುತ್ತದೆ, ನೀರು ಆರುತ್ತ ಗಟ್ಟಿಯಾದಂತೆ ಗಾಜನ್ನು ಇನ್ನಷ್ಟು ತಿನ್ನುತ್ತದೆ ಎಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪುತ್ತೇನೆ. ಆದ್ದರಿಂದಲೇ ಅವನ ವಿವರಣೆಯನ್ನು ಪೂರ್ತಿ ತಳ್ಳಿಹಾಕುತ್ತಿಲ್ಲ. ಆದರೆ ಇನ್ನೊಂದು ದಾರಿ ಇದೆ, ಅದಕ್ಕೆ ಬೇರೆ ಪಾತ್ರೆಗಳ ಹಂಗು ಬೇಕಿಲ್ಲ. ಗಾಜಿನಿಂದ ನೀರಿಗೆ ಮೊದಲು ಇಳಿಯುವುದು ಸಿಲಿಕಾ ಅಲ್ಲ, ಕ್ಷಾರ. ಗಾಜಿನೊಳಗಿನ ಸೋಡಿಯಮ್ ಹೊರಗೆ ಬರುತ್ತದೆ, ಅದರ ಜಾಗಕ್ಕೆ ನೀರಿನ ಹೈಡ್ರೋಜನ್ ಒಳಗೆ ಹೋಗುತ್ತದೆ. ಹಾಗಾಗಿ ತಕ್ಕಡಿ ತೋರಿಸುವ ನಷ್ಟ, ನಿಜವಾಗಿ ಹೊರಬಿದ್ದದ್ದಕ್ಕಿಂತ ಕಡಿಮೆಯೇ. ಹೊರಬಂದ ಕ್ಷಾರವಿರುವ ನೀರನ್ನು ಗಾಳಿ ತಾಕುವಂತೆ ಆರಿಸಿದರೆ ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಾರ್ಬೊನೇಟ್ ಆಗುತ್ತದೆ. ಸೋಡಾ (ಸೋಡಿಯಮ್ ಆಕ್ಸೈಡ್) 62 ಪಾಲಿದ್ದರೆ ಸೋಡಿಯಮ್ ಕಾರ್ಬೊನೇಟು 106 ಪಾಲು. ಹೆಚ್ಚಿದ 44 ಪಾಲು ಗಾಳಿಯದು. ಈ ಪ್ರಮಾಣದಲ್ಲಿ ಮೂರು ಗ್ರೇನು ಹೆಚ್ಚಾಗಲು ಪಾತ್ರೆಯಿಂದ ಸುಮಾರು 4.2 ಗ್ರೇನು ಸೋಡಾ ಇಳಿದಿದ್ದರೆ ಸಾಕು, ಅಂದರೆ ಒಟ್ಟು ನಷ್ಟದ ಕಾಲು ಭಾಗ. ಪಾತ್ರೆ ಪೊಟ್ಯಾಶಿನ ಗಾಜಾಗಿದ್ದರೆ 6.4 ಗ್ರೇನು. ಎರಡೂ ನಂಬಬಹುದಾದ ಅಂಕಿಗಳೇ. ಇದರ ಮೇಲೆ, ಒಣಗಿದ ಸಿಲಿಕಾ ತನ್ನಲ್ಲಿ ಹಿಡಿದಿಟ್ಟುಕೊಳ್ಳುವ ನೀರಿನ ತೂಕವೂ ಇದೆ. ಮೂರು ಗ್ರೇನು ತೂಕದ ದೋಷವಾಗಬೇಕಿಲ್ಲ. ಗಾಜು ಬರಿದೇ ಸವೆಯಲಿಲ್ಲ, ನೀರಿನೊಡನೆಯೂ ಗಾಳಿಯೊಡನೆಯೂ ವಿನಿಮಯ ನಡೆಸಿತು ಎಂಬುದರ ಗುರುತಾಗಬಹುದು. ಲವಾಸಿಯೆಗೆ ಇದು ಕಾಣದೆಹೋದದ್ದಕ್ಕೆ ಅವನನ್ನು ದೂರಬೇಕಾಗಿಲ್ಲ. ಜೋಸೆಫ್ ಬ್ಲ್ಯಾಕ್ 1756ರಲ್ಲೇ ಕಾರ್ಬೊನೇಟುಗಳಲ್ಲಿ ಸೆರೆಯಾಗಿರುವ ಅನಿಲದ ಬಗ್ಗೆ ಪ್ರಕಟಿಸಿದ್ದರೂ, ಲವಾಸಿಯೆ ಆ ಅನಿಲವನ್ನು ಕೈಗೆತ್ತಿಕೊಂಡು ಬರೆದ ಪುಸ್ತಕ ಬಂದದ್ದು 1774ರಲ್ಲಿ. ದೂರಬೇಕಾದದ್ದು, ಆ ಅನಿಲದ ವಿಷಯ ಪೂರ್ತಿ ತಿಳಿದ ಮೇಲೂ 1770ರ ಸಮಾಧಾನವನ್ನೇ ನಕಲು ಮಾಡುತ್ತ ಬಂದವರನ್ನು.

ಇಲ್ಲಿ ಕಾರ್ಲ್ ವಿಲ್ಹೆಲ್ಮ್ ಶೀಲೆಯ ಸಾಕ್ಷ್ಯ ಬೇಕಾಗುತ್ತದೆ. ಗಾಳಿ ಮತ್ತು ಬೆಂಕಿಯ ಕುರಿತ ಅವನ ಪುಸ್ತಕ ಅಚ್ಚಿನಲ್ಲಿ ತಡವಾಗಿ 1777ರಲ್ಲಿ ಹೊರಬಂತು. ಆಮ್ಲಜನಕದ ಶೋಧದ ವಿಷಯದಲ್ಲಿ ಅವನಿಗೆ ಆದ ಅನ್ಯಾಯವನ್ನು ಎಲ್ಲರೂ ಬರೆಯುತ್ತಾರೆ. ಅದೇ ಪುಸ್ತಕದಲ್ಲಿ ನೀರನ್ನು ಗಾಜಿನಲ್ಲಿ ಕುದಿಸಿದ ಸಣ್ಣ ವರದಿಯೊಂದಿದೆ, ಅದನ್ನು ಓದುವವರು ವಿರಳ. ಶೀಲೆ ತೂಕದ ಬೆನ್ನು ಹತ್ತಲಿಲ್ಲ. ಬಟ್ಟಿ ಇಳಿಸಿದ ನೀರನ್ನು ಗಾಜಿನ ಕುಪ್ಪಿಯಲ್ಲಿ ಹಗಲಿರುಳು ಹಲವು ದಿನ ಕುದಿಸಿ, ಆ ನೀರು ಈಗ ಏನಾಗಿದೆ ಎಂದು ಕೇಳಿದ. ನೇರಳೆ ಹೂವಿನ ಪಾಕಕ್ಕೆ ಹಾಕಿದಾಗ ಪಾಕ ಹಸಿರಾಯಿತು: ನೀರು ಕ್ಷಾರವಾಗಿತ್ತು. ಅದರಲ್ಲಿ ಕರಗಿದ್ದದ್ದು ಗಾಜಿನದೇ ಮಣ್ಣು ಎಂದು ರಾಸಾಯನಿಕ ಪರೀಕ್ಷೆಯಿಂದ ಕಂಡುಕೊಂಡ. ಗಾಜು ಎಷ್ಟು ಕಳೆದುಕೊಂಡಿತೆಂದು ಲವಾಸಿಯೆ ಹೇಳಿದ. ಏನನ್ನು ಕಳೆದುಕೊಂಡಿತೆಂದು ಶೀಲೆ ಹೇಳಿದ. ಶೀಲೆಯದು ಲವಾಸಿಯೆಯ ಫಲಿತಾಂಶಕ್ಕೆ ಇನ್ನೊಂದು ಅನುಮೋದನೆಯಷ್ಟೇ ಎಂದು ಬರೆಯುವವರು ಆ ಹಸಿರು ಬಣ್ಣದ ಅರ್ಥವನ್ನೇ ಬಿಟ್ಟುಬಿಟ್ಟಿದ್ದಾರೆ. ಕ್ಷಾರ ನೀರಿಗಿಳಿದ ಮೇಲೆ ಆ ನೀರು ಮೊದಲಿನ ನೀರಲ್ಲ. ಗಾಜಿನ ಸಿಲಿಕಾ ಚೌಕಟ್ಟನ್ನೇ ಬಿಡಿಸಬಲ್ಲ ದ್ರಾವಣ ಅದು.

ಇನ್ನು ಕಾರಿನ ಕಿಟಕಿಗೆ ಬರೋಣ. 1959ರಲ್ಲಿ ಪಿಲ್ಕಿಂಗ್ಟನ್ ಕಂಪನಿ ಪ್ರಕಟಿಸಿದ ಫ್ಲೋಟ್ ವಿಧಾನದಲ್ಲಿ ತಯಾರಾಗುವ ಇಂದಿನ ಗಾಜಿನಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಪಾಲು ಸಿಲಿಕಾ, ಹದಿಮೂರರ ಆಸುಪಾಸು ಸೋಡಾ, ಉಳಿದದ್ದು ಮುಖ್ಯವಾಗಿ ಸುಣ್ಣ ಮತ್ತು ಮೆಗ್ನೀಷಿಯ. ಸುರಿಯುವ ಮಳೆ ಅದಕ್ಕೆ ಹೆಚ್ಚೇನೂ ಮಾಡುವುದಿಲ್ಲ. ಹೊರಬಂದ ಸೋಡಿಯಮ್ ನೀರಿನೊಡನೆ ಹರಿದುಹೋಗುತ್ತದೆ. ನಿಂತ ಹನಿಯ ಸಂಗತಿ ಬೇರೆ. ನೀರು ಅಷ್ಟು ಸ್ವಲ್ಪ, ಗಾಜಿನ ಸಂಪರ್ಕ ಅಷ್ಟು ಹೆಚ್ಚು. ಹೊರಬಂದ ಕ್ಷಾರ ಹೋಗಲು ಜಾಗವಿಲ್ಲದೆ ಅಲ್ಲೇ ಕೂಡುತ್ತದೆ. ಹನಿ ಆರುತ್ತ ಚಿಕ್ಕದಾದಂತೆ ಕ್ಷಾರ ಗಟ್ಟಿಯಾಗುತ್ತದೆ. ಅದರ ಪಿಎಚ್ 9 ದಾಟಿತೆಂದರೆ ಸಿಲಿಕಾ ಕರಗಲು ತೊಡಗುತ್ತದೆ. ಕಾರಿನ ಗಾಜಿನ ಮೇಲೆ ನಿಂತ ಹನಿ ಲವಾಸಿಯೆಯ ಮುಚ್ಚಿದ ಪೆಲಿಕನ್ನಿನ ಚಿಕ್ಕ ಪ್ರತಿ. ಮತ್ತೆ ಮತ್ತೆ ಹನಿ ಬಿದ್ದು ಒಣಗಿದ ಜಾಗದಲ್ಲಿ ಕಾಣುವ ಮಂಜುಮಂಜಾದ ಕಲೆ, ಗಾಜಿನ ಮೇಲೆ ಕೂತ ವಸ್ತುವಲ್ಲ, ಗಾಜಿಗೇ ಆದ ಗಾಯ.

ಬೆಂಗಳೂರಿನಲ್ಲಿ ಬೋರ್ ನೀರಿನಿಂದ ಕಾರು ತೊಳೆಸಿದವರೆಲ್ಲ ಇದಕ್ಕೆ ಎದುರಾಡಬಹುದು: ಬಿಳಿ ಕಲೆ ವಿನೆಗರಿಗೆ ನೊರೆ ಬಂದು ಹೋಗುತ್ತದಲ್ಲ, ಅದು ಸುಣ್ಣವಲ್ಲದೆ ಮತ್ತೇನು? ಹೌದು, ಅದು ಸುಣ್ಣವೇ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಗೊತ್ತುಮಾಡಿದ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರು ಸಿಗದ ಕಡೆ 600. ಇಂಥ ನೀರು ಒಣಗಿದರೆ ಕ್ಯಾಲ್ಸಿಯಮ್ ಕಾರ್ಬೊನೇಟು ಉಳಿಯಲೇಬೇಕು. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಕಾಂಕ್ರೀಟಿನ ಛಾವಣಿಯಿಂದ ಸೋರುವ ನೀರಿನದೂ ಸುಣ್ಣದ ಕಲೆಯೇ. ಆ ನೀರು ಕಡುಕ್ಷಾರವೂ ಆಗಿರುವುದರಿಂದ ಎರಡು ಬಗೆಯ ಹಾನಿಯನ್ನೂ ಒಟ್ಟಿಗೆ ಮಾಡುತ್ತದೆ. ನಾನು ಅಲ್ಲಗಳೆಯುತ್ತಿರುವುದು ಸುಣ್ಣವನ್ನಲ್ಲ, ಸುಣ್ಣವೊಂದೇ ಎಂಬ ಮಾತನ್ನು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ನಮ್ಮ ನೆಲದ ಅಂತರ್ಜಲದಲ್ಲಿ ಸಿಲಿಕಾ ಕೂಡ ಕರಗಿರುತ್ತದೆ. ಅದು ಒಣಗಿ ಅಂಟಿದರೆ ವಿನೆಗರಿಗೆ ಜಗ್ಗುವುದಿಲ್ಲ. ಆದ್ದರಿಂದ ಹುಳಿಗೆ ಹೋಗದ ಕಲೆಯೆಲ್ಲ ಗಾಜಿನ ಗಾಯವೇ ಎಂದು ನಾನೂ ಹೇಳಲಾರೆ. ಆದರೆ ಈ ಎರಡನ್ನು ಬೇರ್ಪಡಿಸಿ ತೋರಿಸುವ ಸಾಕ್ಷ್ಯ ಗಾಜಿನ ಉಗ್ರಾಣಗಳಲ್ಲೇ ಇದೆ. ಒಂದಕ್ಕೊಂದು ಒರಗಿಸಿಟ್ಟ ಹೊಸ ಗಾಜಿನ ಹಾಳೆಗಳ ನಡುವೆ ತೇವ ಸೇರಿದರೆ, ಒಂದು ಹನಿ ಬೋರ್ ನೀರೂ ಸೋಕದೆ ಕಲೆ ಬೀಳುತ್ತದೆ. ಅಲ್ಲಿಯ ತೇವ ಗಾಳಿಯ ಆವಿ ತಣಿದು ಆದದ್ದು, ಬಟ್ಟಿ ಇಳಿಸಿದ ನೀರಿಗೆ ಸಮಾನ. ಅದರಲ್ಲಿ ಸುಣ್ಣವೂ ಇಲ್ಲ, ಸಿಲಿಕಾವೂ ಇಲ್ಲ. ಆ ಕಲೆಯನ್ನು ತಡೆಯಲು ಕಾರ್ಖಾನೆಯವರು ಹಾಳೆಗಳ ನಡುವೆ ಉದುರಿಸುವ ಪುಡಿಯಲ್ಲಿ ಅಡಿಪಿಕ್ ಆಮ್ಲವನ್ನು ಬೆರೆಸುತ್ತಾರೆ. ಶೀಲೆಯ ಪಾಕವನ್ನು ಹಸಿರಾಗಿಸಿದ ಕ್ಷಾರವನ್ನು ಹುಟ್ಟುವಲ್ಲೇ ಶಮನ ಮಾಡುವುದು ಆ ಆಮ್ಲದ ಕೆಲಸ.

ಬಣ್ಣದ ಮೇಲಿನ ಕಲೆಗೆ ಈ ಕ್ಷಾರದ ಕಥೆಯನ್ನು ಹಾಗೆಯೇ ಎತ್ತಿ ಹಚ್ಚಬಾರದು. ಅಲ್ಲಿ ಸೋಡಿಯಮ್ಮೂ ಇಲ್ಲ, ಸಿಲಿಕಾದ ಚೌಕಟ್ಟೂ ಇಲ್ಲ. ಆದರೆ ಸೇರಿದ್ದೋ ಕಳೆದದ್ದೋ ಎಂಬ ಪ್ರಶ್ನೆ ಅಲ್ಲೂ ನಿಲ್ಲುತ್ತದೆ. ಬಣ್ಣದ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಬಳಿಯುವ ಪದ್ಧತಿ 1980ರ ದಶಕದಲ್ಲಿ ವ್ಯಾಪಕವಾದಾಗ ಅದು ಬಹುಮಟ್ಟಿಗೆ ಅಕ್ರಿಲಿಕ್ ಮತ್ತು ಮೆಲಮೈನ್ ಕೂಡಿದ ರಾಳ. ಆಮ್ಲಮಳೆಯ ಹನಿ ಬಿಸಿ ಬಾನೆಟ್ಟಿನ ಮೇಲೆ ಆರುವಾಗ ನೀರು ಹೋಗುತ್ತದೆ, ಗಂಧಕಾಮ್ಲ ಹೋಗುವುದಿಲ್ಲ. ಗಟ್ಟಿಯಾದ ಆಮ್ಲ ಮೆಲಮೈನಿನ ಕೊಂಡಿಗಳನ್ನು ಕತ್ತರಿಸಿ ಅಲ್ಲೊಂದು ಗುಳಿ ಮಾಡುತ್ತದೆ. ಅಮೆರಿಕದ ಫ್ಲಾರಿಡಾದ ಜ್ಯಾಕ್ಸನ್‌ವಿಲ್ ನಗರ ಇಂಥ ಹಾನಿಗೆ ಎಷ್ಟು ಹೆಸರಾಯಿತೆಂದರೆ, ಬಣ್ಣದ ಉದ್ಯಮ ಹೊಸ ಲೇಪಗಳ ಮಾದರಿ ತಗಡುಗಳನ್ನು ಬೇಸಿಗೆಯಲ್ಲಿ ಅಲ್ಲಿಯೇ ಬಯಲಿಗಿಟ್ಟು ಪರೀಕ್ಷಿಸತೊಡಗಿತು. ಇಂಥ ಗುಳಿಗೆ ಮತ್ತೆ ಹುಳಿ ಹಚ್ಚುವುದು ವ್ಯರ್ಥ. ಪಾಲಿಶ್ ಮಾಡಿದರೆ ಸುತ್ತಲಿನ ಲೇಪವನ್ನು ಗುಳಿಯ ತಳದವರೆಗೆ ಇಳಿಸಬೇಕು, ಲೇಪವಿರುವುದೇ 40-50 ಮೈಕ್ರಾನ್.

ಹನಿಯು ಮಸೂರದಂತೆ ಬಿಸಿಲನ್ನು ಕೇಂದ್ರೀಕರಿಸಿ ಬಣ್ಣವನ್ನು ಸುಡುತ್ತದೆ ಎಂಬ ವಾದವನ್ನು ಇನ್ನೂ ಹಿಡಿದುಕೊಂಡಿರುವವರಿಗೆ ಹೆಚ್ಚು ಜಾಗ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಚಪ್ಪಟೆ ಮೇಲ್ಮೈಗೆ ಅಂಟಿ ಕೂತ ಹನಿಯ ನಾಭಿ ಆ ಮೇಲ್ಮೈಗಿಂತ ಕೆಳಗೆ ಬೀಳುತ್ತದೆ. ಹಂಗೇರಿಯ ಸಂಶೋಧಕರು 2010ರಲ್ಲಿ ಎಲೆಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ನುಣುಪಾದ ಎಲೆ ಹೀಗೆ ಸುಡುವುದಿಲ್ಲ, ಹನಿಯನ್ನು ರೋಮಗಳು ಮೇಲೆತ್ತಿ ಹಿಡಿದರೆ ಮಾತ್ರ ಸುಡುವ ಸಾಧ್ಯತೆಯಿದೆ ಎಂದು ಕಂಡುಬಂತು. ಕಲೆ ಉಂಗುರದಂತಿರುವುದಕ್ಕೂ ಬಿಸಿಲ ಮಸೂರ ಕಾರಣವಲ್ಲ: ಆರುವ ಹನಿಯೊಳಗೆ ನೀರು ಅಂಚಿನತ್ತ ಹರಿದು, ತನ್ನಲ್ಲಿರುವುದನ್ನೆಲ್ಲ ಅಲ್ಲಿಗೆ ಸಾಗಿಸುತ್ತದೆಂದು ಷಿಕಾಗೋ ವಿಶ್ವವಿದ್ಯಾಲಯದ ಡೀಗನ್ ಮತ್ತು ಸಂಗಡಿಗರು 1997ರಲ್ಲೇ ವಿವರಿಸಿದ್ದಾರೆ.

ಈ ವಾದ ವ್ಯವಹಾರಕ್ಕೆ ಬಂದರೆ ಉಪಚಾರದ ಕ್ರಮ ಬದಲಾಗುತ್ತದೆ. ಗಾಜಿಗೆ ಮೊದಲು ಒಮ್ಮೆ ವಿನೆಗರ್. ಸುಣ್ಣವಾಗಿದ್ದರೆ ಅದಕ್ಕೇ ಹೋಗುತ್ತದೆ. ಹೋಗದಿದ್ದರೆ ಹುಳಿಯನ್ನು ಅಲ್ಲಿಗೇ ನಿಲ್ಲಿಸಿ, ಸೀರಿಯಮ್ ಆಕ್ಸೈಡಿನ ಪಾಲಿಶ್ ಹಿಡಿಯಬೇಕು. ಅದು ಕಲೆಯನ್ನು ತೆಗೆಯುವುದಿಲ್ಲ, ಕಲೆಯಾದ ಗಾಜನ್ನೇ ತೆಳುವಾಗಿ ತೆಗೆಯುತ್ತದೆ. ಸಿಲಿಕಾವನ್ನು ಕರಗಿಸುವ ಫ್ಲೋರೈಡ್ ಆಮ್ಲಗಳು ಮೈ ಸೋಕಿದರೆ ಮೂಳೆಯವರೆಗೆ ಹಾನಿ ಮಾಡುತ್ತವೆ, ಗಾಜನ್ನೂ ಬಿಡುವುದಿಲ್ಲ. ಅವುಗಳಿಗೆ ಮನೆಯಲ್ಲಾಗಲಿ ಗ್ಯಾರೇಜಿನಲ್ಲಾಗಲಿ ಜಾಗ ಇರಬಾರದು. ಇನ್ನು ಆ ಮೂರು ಗ್ರೇನಿನ ಲೆಕ್ಕದ ವಿಷಯ. ನಮ್ಮ ಕಾಲೇಜುಗಳ ರಸಾಯನ ವಿಭಾಗಗಳಿಗೆ ನನ್ನದೊಂದು ಕೋರಿಕೆ. ಒಂದು ಮಿಲಿಗ್ರಾಮಿನ ಹತ್ತನೆಯ ಒಂದು ಪಾಲನ್ನು ತೋರಿಸುವ ತಕ್ಕಡಿ, ಸಾಮಾನ್ಯ ಸೋಡಾ ಗಾಜಿನ ಒಂದು ಮುಚ್ಚಿದ ಕುಪ್ಪಿ, ಬಟ್ಟಿ ಇಳಿಸಿದ ನೀರು, ನೇರಳೆ ಹೂವಿನ ಬದಲು ಕ್ಷಾರಕ್ಕೆ ಹಸಿರಾಗುವ ದಾಸವಾಳದ ರಸ, ಇಷ್ಟಿದ್ದರೆ 1770ರ ಪ್ರಯೋಗವನ್ನೂ 1777ರದನ್ನೂ ಒಂದೇ ಪಾತ್ರೆಯಲ್ಲಿ ನಡೆಸಬಹುದು. ಆ ನೀರಿನ ಅರ್ಧವನ್ನು ಗಾಳಿಯಲ್ಲಿ ಆರಿಸಿ, ಇನ್ನರ್ಧವನ್ನು ಇಂಗಾಲದ ಡೈಆಕ್ಸೈಡ್ ಇಲ್ಲದ ಸಾರಜನಕದ ಹರಿವಿನಲ್ಲಿ ಅದೇ ಬಗೆಯ ಪಾತ್ರೆಯಲ್ಲಿ ಆರಿಸಿ ತೂಗಿ ನೋಡಬೇಕು. ಎರಡರ ನಡುವೆ ವ್ಯತ್ಯಾಸ ಬಾರದಿದ್ದರೆ ಲವಾಸಿಯೆಯ ವಿವರಣೆಯೇ ನಿಲ್ಲಲಿ. ಬಂದರೆ ಮುಂದೆ ಬರೆಯುವವರು ಮೂರು ಗ್ರೇನನ್ನು ಬೇರೆ ಪಾತ್ರೆಗಳ ಲೆಕ್ಕಕ್ಕೆ ಹಾಕುವ ಸಾಲನ್ನು ತಿದ್ದಲಿ.