ಅಂಕಿತವಿಲ್ಲದ ಸಂದೇಶ: ಸಾಮಾಜಿಕ ಜಾಲತಾಣ ಮತ್ತು ನೆಮ್ಮದಿಯ ಬದುಕು

ವಾಟ್ಸ್‌ಆ್ಯಪ್, ಫೇಸ್‌ಬುಕ್, ಯೂಟ್ಯೂಬ್, ಇನ್‌ಸ್ಟಾಗ್ರಾಂ ಮೊದಲಾದ ಸಾಮಾಜಿಕ ಜಾಲತಾಣಗಳು ಇಂದು ನಗರ-ಹಳ್ಳಿಗಳ ಭೇದವಿಲ್ಲದೆ ನಿತ್ಯಜೀವನದ ಅಂಗವಾಗಿವೆ. ಬೀದರ ನಗರದ ವಿದ್ಯಾರ್ಥಿ, ಭಾಲ್ಕಿಯ ವರ್ತಕ, ಔರಾದ ತಾಲ್ಲೂಕಿನ ಗಡಿಹಳ್ಳಿಯ ರೈತ, ಎಲ್ಲರ ಅಂಗೈಯಲ್ಲಿಯೂ ಮೊಬೈಲ್ ಇದೆ. ದುಡಿಮೆಗಾಗಿ ಹೈದರಾಬಾದ್, ಪುಣೆ, ಮುಂಬೈಗಳಿಗೆ ತೆರಳಿದ ಮಕ್ಕಳ ಮುಖವನ್ನು ತಂದೆತಾಯಂದಿರು ಪ್ರತಿದಿನ ನೋಡುವುದು ಈ ಸಾಧನದಿಂದಲೇ. 2020ರ ಲಾಕ್‌ಡೌನ್ ಕಾಲದಲ್ಲಿ ಪ್ರವಚನ, ಪ್ರಾರ್ಥನೆಗಳು ಮನೆಮನೆಗೆ ತಲುಪಿದ್ದೂ ಇದರಿಂದಲೇ. ಹೀಗಾಗಿ ಸಾಧನವನ್ನು ನಿಂದಿಸುವುದು ಈ ಲೇಖನದ ಉದ್ದೇಶವಲ್ಲ. ಅದನ್ನು ಹಿಡಿದ ಕೈಗೆ ಇರಬೇಕಾದ ಎಚ್ಚರ ಯಾವುದು, ಆ ಎಚ್ಚರ ನಮ್ಮ ಹಾಗೂ ನೆರೆಯವರ ನೆಮ್ಮದಿಯನ್ನು ಹೇಗೆ ಕಾಯಬಲ್ಲದು ಎಂಬುದನ್ನು ಶರಣ ಪರಂಪರೆಯ ಬೆಳಕಿನಲ್ಲಿ ನೋಡುವುದು ಇಲ್ಲಿನ ಆಶಯ.

ಮುರ್ಕಿಯಲ್ಲಿ ನಡೆದದ್ದು

ಈ ವಿಚಾರಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಂದು ನೋವಿನ ಉದಾಹರಣೆಯಿದೆ. 2018ರ ಜುಲೈ 13ರಂದು ಹೈದರಾಬಾದಿನಿಂದ ಬಂದಿದ್ದ ಕೆಲವು ಗೆಳೆಯರು ಔರಾದ ತಾಲ್ಲೂಕಿನಲ್ಲಿ ಪರಿಚಿತರನ್ನು ಕಾಣಲು ಬಂದು, ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರಲ್ಲಿ ಒಬ್ಬರು ಕತಾರ್ ದೇಶದ ಅತಿಥಿ. ನೋಡಿದವರಿಗೆ ಅವರು ಮಕ್ಕಳ ಕಳ್ಳರೆಂಬ ಸಂಶಯ ಬಂದಿತು. ಆ ಸಂಶಯ ವಾಟ್ಸ್‌ಆ್ಯಪ್ ಮೂಲಕ ಅವರ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮವನ್ನು ತಲುಪಿತು. ಅಲ್ಲಿ ರಸ್ತೆ ತಡೆಯಲಾಯಿತು, ಕಾರು ಉರುಳಿತು, ಗುಂಪು ಮುತ್ತಿಕೊಂಡಿತು. ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಕಳೆದುಕೊಂಡರು. ಜೊತೆಗಿದ್ದವರೂ, ಅವರನ್ನು ಉಳಿಸಲು ಮುಂದಾದ ಪೊಲೀಸರೂ ಗಾಯಗೊಂಡರು. ಬಂಧಿತರಾದ ಹಲವರಲ್ಲಿ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಕೂಡ ಇದ್ದರು.

ಆ ವರ್ಷ ದೇಶದ ಅನೇಕ ಕಡೆ ಇದೇ ವದಂತಿ ಹಬ್ಬಿತ್ತು. ಅದಕ್ಕೆ ಸಾಕ್ಷಿಯೆಂದು ಹರಿದಾಡಿದ ವಿಡಿಯೊಗಳಲ್ಲಿ ಒಂದು, ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಪಾಕಿಸ್ತಾನದ ಕರಾಚಿಯಲ್ಲಿ ತಯಾರಿಸಿದ ಕಿರುಚಿತ್ರದ ತುಣುಕು. ಇದು ಜಾಗೃತಿಗಾಗಿ ಮಾಡಿದ ಅಭಿನಯವೆಂದು ತಿಳಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಮುರ್ಕಿಯ ಘಟನೆಗೆ ಹನ್ನೆರಡು ದಿನ ಮೊದಲು, ಜುಲೈ 1ರಂದು, ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನಪಾಡಾದಲ್ಲಿ ಐವರು ಅಲೆಮಾರಿ ಗೋಸಾವಿಗಳನ್ನು ಜನರು ಹೊಡೆದು ಕೊಂದರು. ಅವರಲ್ಲಿ ಹೆಚ್ಚಿನವರು ಮಂಗಳವೇಢೆ ತಾಲ್ಲೂಕಿನವರು. ಬಸವಣ್ಣನವರು ಕರಣಿಕರಾಗಿ ಕಾಯಕ ಮಾಡಿದ ನೆಲ ಅದು. ಮನೆಬಾಗಿಲಿಗೆ ಬಂದವರಲ್ಲಿ ಜಂಗಮವನ್ನು ಕಾಣಬೇಕೆಂದು ಕಲಿಸಿದ ಪರಂಪರೆಯವರು ನಾವು. ಭಿಕ್ಷೆಗೆ ಬಂದವರು ಒಂದು ಸುಳ್ಳು ಸಂದೇಶದಿಂದ ಹೆಣವಾಗಿ ಮರಳಿದರೆಂಬುದು ನಮ್ಮನ್ನು ಚುಚ್ಚಲೇಬೇಕು.

ಮುರ್ಕಿಗೆ ಸಂದೇಶ ಕಳುಹಿಸಿದವರಲ್ಲಿ ಬಹುತೇಕರು ಯಾರ ಕೊಲೆಯನ್ನೂ ಬಯಸಿರಲಿಕ್ಕಿಲ್ಲ. ತಮ್ಮ ಮಕ್ಕಳ ಮೇಲಿನ ಪ್ರೀತಿಯಿಂದಲೂ ಭಯದಿಂದಲೂ ಗುಂಡಿ ಒತ್ತಿದರು. ಕೊರತೆಯಾಗಿದ್ದು ಕೇಳಿದ್ದಕ್ಕೂ ಹೇಳುವುದಕ್ಕೂ ನಡುವಿನ ಒಂದು ಕ್ಷಣದ ವಿಚಾರ.

ಅಂಕಿತದ ಹೊಣೆ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿಯೂ ಮಾತಿನ ಒಂದು ಮಹಾಗೋಷ್ಠಿ ಇತ್ತು. ಅನುಭವ ಮಂಟಪದಲ್ಲಿ ಅಂಬಿಗ, ಮಡಿವಾಳ, ಮಾದಾರ, ಗಣಿಕೆ, ಅರಸೊತ್ತಿಗೆಯ ಅಧಿಕಾರಿ ಎಲ್ಲರೂ ಸಮಾನವಾಗಿ ಮಾತನಾಡಿದರು. ಶೂನ್ಯ ಸಿಂಹಾಸನದಲ್ಲಿ ಅಲ್ಲಮಪ್ರಭುಗಳಿದ್ದರು. ಪ್ರಶ್ನೆಗೆ ಒಳಗಾಗದ ಮಾತಿಗೆ ಅಲ್ಲಿ ಮನ್ನಣೆ ಇರಲಿಲ್ಲ. ಅಕ್ಕಮಹಾದೇವಿಯವರೂ ಪ್ರಭುಗಳ ಪರೀಕ್ಷೆಯನ್ನು ಎದುರಿಸಿಯೇ ಶರಣರ ಸಭೆಯಲ್ಲಿ ನೆಲೆ ಪಡೆದರು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಪ್ರತಿ ವಚನಕ್ಕೂ ಅಂಕಿತವಿದೆ. ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಗುಹೇಶ್ವರ ಎಂದರೆ ಅಲ್ಲಮಪ್ರಭುಗಳು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಅಂಬಿಗರ ಚೌಡಯ್ಯನವರಂತೂ ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡರು. ಅಂಕಿತವೆಂದರೆ ಇಷ್ಟದೈವದ ಸಾಕ್ಷಿಯಲ್ಲಿ ಆಡಿದ ಮಾತು; ಅದರ ಹೊಣೆ ಆಡಿದವರದು.

ಇಂದು ನಮ್ಮ ಮೊಬೈಲಿಗೆ ಬರುವ ಫಾರ್ವರ್ಡ್ ಸಂದೇಶಕ್ಕೆ ಅಂಕಿತವಿಲ್ಲ. ಬರೆದವರು ಯಾರು, ಎಂದು, ಎಲ್ಲಿ ಎಂಬುದು ತಿಳಿಯದು. ಅದನ್ನು ಮುಂದೆ ಕಳುಹಿಸಿದಾಗ ಓದುವವರು ನಮ್ಮ ಮುಖ ನೋಡಿ ನಂಬುತ್ತಾರೆ. ಅರ್ಥಾತ್, ನಾವು ಬರೆಯದ ಮಾತಿಗೆ ನಮ್ಮ ಅಂಕಿತ ಬೀಳುತ್ತದೆ. ಆದ್ದರಿಂದ ಜಾಲತಾಣದಲ್ಲಿ ಶರಣನ ನಿಯಮ ಸರಳವಾದುದು: ನನ್ನ ಹೆಸರು ಹಾಕಿ ಸಭೆಯಲ್ಲಿ ನುಡಿಯಲಾಗದ ಮಾತನ್ನು ನಾನು ಮುಂದಕ್ಕೆ ಕಳುಹಿಸುವುದಿಲ್ಲ.

2018ರ ಘಟನೆಗಳ ಬಳಿಕ ವಾಟ್ಸ್‌ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವಂತೆ ಮಿತಿ ಹಾಕಿತು. 2019ರಲ್ಲಿ ಅದನ್ನು ಜಗತ್ತಿಗೆಲ್ಲ ವಿಸ್ತರಿಸಿತು. ಇದರಿಂದ ಫಾರ್ವರ್ಡ್‌ಗಳು ಶೇ 25ರಷ್ಟು ತಗ್ಗಿದವೆಂದು ಸಂಸ್ಥೆ ಹೇಳಿದೆ. ಹೊರಗಿನ ಸಣ್ಣ ತಡೆಯೇ ಇಷ್ಟು ಮಾಡಬಲ್ಲದಾದರೆ, ಅರಿವಿನ ಒಳತಡೆ ಇನ್ನೆಷ್ಟು ಮಾಡಬಲ್ಲದು!

ಮನಸ್ಸಿನ ಆರೋಗ್ಯ

ಜಾಲತಾಣದ ಅತಿಬಳಕೆ ಬಳಸುವವರ ನೆಮ್ಮದಿಯನ್ನೂ ಕೆಡಿಸುತ್ತದೆ. 2023ರಲ್ಲಿ ಅಮೆರಿಕದ ಅಂದಿನ ಸರ್ಜನ್ ಜನರಲ್ ಡಾ. ವಿವೇಕ್ ಮೂರ್ತಿ ಅವರು ಯುವಜನರ ಮಾನಸಿಕ ಆರೋಗ್ಯ ಕುರಿತು ಸಾರ್ವಜನಿಕ ಎಚ್ಚರಿಕೆ ಹೊರಡಿಸಿದರು. ಅವರ ಪೂರ್ವಜರು ಮಂಡ್ಯ ಜಿಲ್ಲೆಯ ಹಲ್ಲೇಗೆರೆಯವರು. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಕಾಲ ಜಾಲತಾಣದಲ್ಲಿ ಕಳೆಯುವ ಹದಿಹರೆಯದವರಲ್ಲಿ ಖಿನ್ನತೆ, ಆತಂಕದಂತಹ ತೊಂದರೆಗಳ ಸಂಭವ ಇಮ್ಮಡಿಯೆಂದು ಅದರಲ್ಲಿ ಹೇಳಲಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಿಂದಲೇ ತಂತ್ರಜ್ಞಾನದ ಅತಿಬಳಕೆಗೆ ಪ್ರತ್ಯೇಕ ಚಿಕಿತ್ಸಾಲಯ ನಡೆಸುತ್ತಿದೆ.

ತೊಂದರೆಯ ಬೇರು ಎರಡು. ಒಂದು, ಹೋಲಿಕೆ: ಇತರರ ಸಂಭ್ರಮದ ಚಿತ್ರಗಳ ಮುಂದೆ ತನ್ನ ಬದುಕು ಬಡವಾಗಿ ಕಾಣುವುದು. ಇನ್ನೊಂದು, ನಿದ್ರೆ, ಓದು, ಕಾಯಕ, ಮಾತುಕತೆಗಳ ವೇಳೆಯನ್ನು ಪರದೆ ನುಂಗುವುದು. ಮೊದಲನೆಯದಕ್ಕೆ ಶರಣರು ಕೊಟ್ಟ ಮದ್ದು ಕಾಯಕನಿಷ್ಠೆ. ತನ್ನ ಕಾಯಕದಲ್ಲಿ ತೃಪ್ತಿ ಕಂಡವನಿಗೆ ಪರರ ಲೈಕುಗಳ ಲೆಕ್ಕ ಬೇಕಾಗದು. ಎರಡನೆಯದಕ್ಕೆ ಮದ್ದು ನಿಯಮ. ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ದೃಷ್ಟಿ ನಿಲ್ಲಿಸುವ ಅಭ್ಯಾಸವು ಚಂಚಲ ಕಣ್ಣಿಗೆ ಒಂದೇ ಕಡೆ ನಿಲ್ಲಲು ಕಲಿಸುತ್ತದೆ. ಅದೇ ಅಂಗೈಯಲ್ಲಿ ಕ್ಷಣಕ್ಕೊಂದು ವಿಡಿಯೊ ಜಾರಿಸುತ್ತ ಕೂತರೆ ಕಣ್ಣು ಇದಕ್ಕೆ ವಿರುದ್ಧವಾದ ಪಾಠ ಕಲಿಯುತ್ತದೆ.

ಒಂದು ಊರಿನ ಮಾದರಿ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿಯವರು 2022ರಲ್ಲಿ ಒಂದು ನಿರ್ಧಾರ ಕೈಗೊಂಡರು. ಪ್ರತಿದಿನ ಸಂಜೆ 7ಕ್ಕೆ ಗುಡಿಯಿಂದ ಸೈರನ್ ಮೊಳಗುತ್ತದೆ. ಅಲ್ಲಿಂದ ಒಂದೂವರೆ ಗಂಟೆ ಟಿ.ವಿ., ಮೊಬೈಲ್ ಬಂದ್. ಮಕ್ಕಳು ಓದುತ್ತಾರೆ, ಹಿರಿಯರು ಮಾತನಾಡುತ್ತಾರೆ. ಒಬ್ಬರೇ ಮೊಬೈಲ್ ಬಿಡುವುದು ಕಷ್ಟ. ಊರೇ ಬಿಟ್ಟಾಗ ಅದು ಸುಲಭ. ನಮ್ಮ ಹಳ್ಳಿಗಳಲ್ಲಿಯೂ ಸಂಜೆಯ ಸಾಮೂಹಿಕ ಪ್ರಾರ್ಥನೆಯ ವೇಳೆಯನ್ನು ಹೀಗೆ ಮೀಸಲಿಡಬಹುದು.

ನಿತ್ಯಾಚರಣೆಗೆ ಕೆಲವು ನಿಯಮಗಳು

1. ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಯುವವರೆಗೆ ಮೊಬೈಲ್ ತೆರೆಯದಿರುವುದು.
2. ಪ್ರಸಾದ ಸ್ವೀಕರಿಸುವಾಗ ಮೊಬೈಲ್ ದೂರವಿಡುವುದು. ರಾತ್ರಿ ಹಾಸಿಗೆಯ ಬಳಿ ಇಟ್ಟುಕೊಳ್ಳದಿರುವುದು.
3. ಕೋಪ ಅಥವಾ ಭಯ ಹುಟ್ಟಿಸುವ ಸಂದೇಶ ಬಂದರೆ ಕೂಡಲೇ ಕಳುಹಿಸದೆ, ತಿಳಿದವರೊಬ್ಬರನ್ನು ಕೇಳುವುದು.
4. ಮಕ್ಕಳ ಕಳ್ಳರು, ಕೋಮು ಗಲಭೆ ಮೊದಲಾದ ಸುದ್ದಿಯಿದ್ದರೆ ಗುಂಪಿಗೆ ಹಾಕದೆ 112ಕ್ಕೆ ಕರೆ ಮಾಡುವುದು.
5. ಗುಂಪಿನ ಅಡ್ಮಿನ್ ಆದವರು ತಮ್ಮನ್ನು ಗೋಷ್ಠಿಯ ಹೊಣೆಗಾರರೆಂದು ತಿಳಿದು, ಸುಳ್ಳು ಸಂದೇಶವನ್ನು ಅಳಿಸಿ ನಿಜವನ್ನು ತಿಳಿಸುವುದು.
6. ಮಕ್ಕಳಿಗೆ ಹೇಳುವ ನಿಯಮವನ್ನು ಮನೆಯ ಹಿರಿಯರು ಮೊದಲು ಪಾಲಿಸುವುದು.

ನಿದ್ರೆ ಕೆಟ್ಟು, ಓದು-ಕೆಲಸಗಳಲ್ಲಿ ಮನಸ್ಸು ನಿಲ್ಲದೆ, ಮೊಬೈಲ್ ಬಿಟ್ಟಿರಲಾಗದ ಸ್ಥಿತಿ ಬಂದರೆ ಸಂಕೋಚ ಬೇಡ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಜಾಲತಾಣದಲ್ಲಿ ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ತಿಳಿಸಬೇಕು.

ಅಕ್ಷರದ ಋಣ

ನಿಜಾಮರ ಆಳ್ವಿಕೆಯಲ್ಲಿ ಈ ಭಾಗದಲ್ಲಿ ಕನ್ನಡ ಕಲಿಸುವುದೇ ಕಷ್ಟವಾಗಿತ್ತು. ಆಗ ಭಾಲ್ಕಿ ಹಿರೇಮಠ ಸಂಸ್ಥಾನದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಅಷ್ಟು ಕಷ್ಟದಿಂದ ನಮ್ಮ ಮನೆಗಳಿಗೆ ಬಂದ ಅಕ್ಷರವಿದು. ಅದನ್ನು ಪೂರ್ತಿ ಓದದೆ, ವಿಚಾರಿಸದೆ ಮುಂದಕ್ಕೆ ದೂಡುವುದು ಆ ಶ್ರಮಕ್ಕೆ ತಕ್ಕ ಗೌರವವಾಗದು. ಓದಿ, ವಿಚಾರಿಸಿ, ಸತ್ಯವೆನಿಸಿದ್ದನ್ನು ಮಾತ್ರ ಹಂಚಿಕೊಂಡರೆ ಅದು ಜ್ಞಾನದಾಸೋಹ. ಮುರ್ಕಿಯ ರಸ್ತೆಯಲ್ಲಿ ಹೋದ ಜೀವ ಮರಳಿ ಬಾರದು. ಅಂಥದು ಮತ್ತೊಮ್ಮೆ ನಡೆಯದಂತೆ ಕಾಯುವ ಹೊಣೆ ನಮ್ಮ ಕೈಯಲ್ಲಿದೆ.